ತಗಡಿನ ಮೇಲೆ ಎರಡು ಚಂದ್ರ

"ಕೆಳಗ ನೋಡಬ್ಯಾಡ್ರಿ ಬಾಯಿ, ತಲಿ ತಿರಗ್ತೈತಿ!" ಏಣಿ ಹಿಡಿದು ನಿಂತಿದ್ದ ಅವಧೂತ ಕೂಗಿದ.

ಸಿಂಧೂರ ಕೆಳಗೆ ನೋಡಲಿಲ್ಲ. ಮೇಲೂ ನೋಡಲಿಲ್ಲ. ಮೇಲೆ ನೋಡಲು ಏನೂ ಉಳಿದಿರಲಿಲ್ಲ. ಮೊನ್ನೆಯ ಬಿರುಗಾಳಿ ಈ ಮಾಳಿಗೆಯ ತಗಡುಗಳನ್ನು ಬುಟ್ಟಿಯ ಮುಚ್ಚಳ ಎತ್ತಿದ ಹಾಗೆ ಎತ್ತಿ ಒಗೆದಿತ್ತು. ಈಗ ಪುಣೆಯ ಕೊಂಢವಾ ಬಡಾವಣೆಯ ಮೇ ತಿಂಗಳ ಬಿಳಿ ಆಕಾಶ ನೇರವಾಗಿ ಒಳಗಿಳಿದು, ಸಾಲಾಗಿಟ್ಟ ರೊಟ್ಟಿ ಹಂಚುಗಳ ಮೇಲೆ ಕೂತುಬಿಟ್ಟಿತ್ತು. ಅವಳು ನೋಡುತ್ತಿದ್ದುದು ತನ್ನ ಅಂಗೈಯನ್ನು. ಅಲ್ಲೊಂದು, ತಗಡನ್ನು ಪೈಪಿಗೆ ಬಿಗಿಯುವ ಕೊಕ್ಕೆ ಬೋಲ್ಟು ಇತ್ತು.

ಬೋಲ್ಟಿನ ಮೈಯೆಲ್ಲ ತುಕ್ಕು. ತುದಿಯಲ್ಲಿ ಮಾತ್ರ, ನಟ್ಟು ಕೂತಿದ್ದ ಜಾಗ, ಉಂಗುರ ಕಳಚಿದ ಬೆರಳಿನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು.

ಗಾಳಿ ತಗಡನ್ನು ಹರಿಯುತ್ತದೆ, ಮಡಚುತ್ತದೆ, ಪಕ್ಕದ ಮನೆಯವರ ತುಳಸಿಕಟ್ಟೆಯ ಮೇಲೆ ಎಸೆಯುತ್ತದೆ. ಆದರೆ ಎಷ್ಟೇ ಸಿಟ್ಟು ಬಂದರೂ ಕೂತು ನಟ್ಟು ತಿರುಗಿಸುವ ತಾಳ್ಮೆ ಗಾಳಿಗಿಲ್ಲ.

ಹಾಗಾದರೆ ಆ ಅನಾಮಧೇಯ ಫೋನು ಸುಳ್ಳಾಗಿರಲಿಲ್ಲ. ವಿಮಾ ಕಂಪನಿಗೆ ಯಾರೋ ಮರಾಠಿಯಲ್ಲಿ ಒಂದೇ ಮಾತು ಹೇಳಿ ಫೋನಿಟ್ಟಿದ್ದರು, "ಪತ್ರ್ಯಾಚೇ ನಟ್ ಬಘಾ." ತಗಡಿನ ನಟ್ಟು ನೋಡಿ. ಅದನ್ನು ನೋಡಲೆಂದೇ ಹಾನಿ ಅಳೆಯುವ ಸರ್ವೇಯರ್ ಸಿಂಧೂರ, ವಾಕಡದ ಪಿ.ಜಿ.ಯಲ್ಲಿ ತಿಂಡಿಯನ್ನೂ ತಿನ್ನದೆ, ಎರಡನೇ ಸಲ ಈ ಮನೆಯ ಏಣಿ ಹತ್ತಿದ್ದಳು.

ಅವಳು ತೆವಳಿಕೊಂಡು ಪಶ್ಚಿಮದ ಅಂಚಿನುದ್ದಕ್ಕೂ ಹೋದಳು. ಕಬ್ಬಿಣದ ಪೈಪಿಗೆ ಜೋತುಬಿದ್ದಿದ್ದ ಕೊಕ್ಕೆಗಳೆಲ್ಲ ಬೋಳು. ಒಂದರ ಮೇಲೂ ನಟ್ಟಿಲ್ಲ. ಉಳಿದ ಮೂರು ಕಡೆ ಹಾಗಲ್ಲ. ಅಲ್ಲಿ ನಟ್ಟು, ವಾಷರು ಎಲ್ಲ ಗಟ್ಟಿಯಾಗಿ ಕೂತಿದ್ದವು, ಹರಿದ ತಗಡಿನ ಚೂರುಗಳನ್ನು ಇನ್ನೂ ಕಚ್ಚಿಕೊಂಡೇ ಇದ್ದವು.

ಅಂದರೆ ಗಾಳಿ ಒಳಗೆ ನುಗ್ಗಿದ್ದು ಪಶ್ಚಿಮದಿಂದ. ಅದಕ್ಕೆ ಬಾಗಿಲು ತೆಗೆದುಕೊಟ್ಟದ್ದು ಒಬ್ಬ ಮನುಷ್ಯ.

ಮನೆಯ ಪಾಲಿಸಿ ಇದ್ದದ್ದು ಯಜಮಾನಿ ಗಂಗೂಬಾಯಿಯ ಹೆಸರಿನಲ್ಲಿ. ಈ ಮಾಳಿಗೆಯಲ್ಲಿ ರೊಟ್ಟಿ ಬಡಿದು ಬದುಕು ಕಟ್ಟಿಕೊಂಡಿದ್ದು ಅವರ ವಿಧವೆ ಸೊಸೆ ಅನುಸೂಯಾ. ಮಳೆಗಾಲ ಕಾಲಬುಡಕ್ಕೆ ಬಂದಿದೆ. ವರದಿ ಇವತ್ತು ಸಂಜೆಯೊಳಗೆ ಹೋಗಬೇಕು. ಅದರಲ್ಲಿ 'ಕೈಯಿಂದ ಬಿಚ್ಚಿದ್ದು' ಎಂದು ಎರಡು ಪದ ಬಿದ್ದರೆ ಸಾಕು, ಈ ಮನೆಗೆ ತಗಡೂ ಇಲ್ಲ, ಬೀದಿಯಲ್ಲಿ ತಲೆಯೆತ್ತಿ ಓಡಾಡುವ ಮುಖವೂ ಇಲ್ಲ.

ಅವಳು ಕೆಳಗಿಳಿದು ಬೋಲ್ಟನ್ನು ಅವಧೂತನ ಮುಂದೆ ಹಿಡಿದಳು.

ಹತ್ತು ವರ್ಷದ ಹಿಂದೆ ಈ ತಗಡು ಹಾಕಿದವನು ಅವನೇ. ಬೆಳಗಾವಿ ಕಡೆಯವನು, ಇದೇ ಓಣಿಯ ಬಾಯಲ್ಲಿ ಫ್ಯಾಬ್ರಿಕೇಶನ್ ಅಂಗಡಿ. ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲು, ಮುಖದಲ್ಲಿ ಯಾವಾಗಲೂ ಏನನ್ನೋ ಮರೆತುಬಂದವನ ಗಾಬರಿ. ಹೊಸ ತಗಡಿನ ಅಂದಾಜು ಪಟ್ಟಿ ಕೊಟ್ಟವನೂ ಅವನೇ. ಹಾಗಾಗಿ ಬೆಳಗಿನಿಂದ ಸಿಂಧೂರಳ ಸಂಶಯದ ಬೆರಳು ಅವನ ಕಡೆಗೇ ಬಾಗಿತ್ತು.

ಅವಧೂತ ಬೋಲ್ಟನ್ನು ತಿರುಗಿಸಿ ನೋಡಿದ. ಅವನ ಮುಖದ ಗಾಬರಿ ಒಮ್ಮೆಗೇ ಇಳಿದುಹೋಗಿ, ಆ ಜಾಗದಲ್ಲಿ ಬೇರೆ ಏನೋ ಬಂದು ಕೂತಿತು. ಅವನು ಮನೆಯ ಬಾಗಿಲ ಕಡೆ ನೋಡಿದ. ಒಳಗಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

"ಇದರ ಮ್ಯಾಲ ಏನ್ ಬರೀತೀರಿ ನೀವು?"

"ಇರೋದನ್ನ ಬರೀತೀನಿ. ಗಾಳಿ ಕಿತ್ತಿದ್ರೆ ಕಂಪನಿ ಕೊಡುತ್ತೆ. ಹೊರಗಿನವರು ಯಾರಾದ್ರೂ ಬಂದು ಹಾಳು ಮಾಡಿದ್ರೂ ಕೊಡುತ್ತೆ, ಕಂಪ್ಲೇಂಟ್ ಆಗಬೇಕು ಅಷ್ಟೆ."

"ಮನ್ಯಾವ್ರ ಮಾಡಿದ್ರ?"

"ಆಗ ಒಂದು ಮೊಳೇನೂ ಕೊಡಲ್ಲ."

ಅವಧೂತ ಕಿವಿಯ ಪೆನ್ಸಿಲನ್ನು ತೆಗೆದು ನೋಡಿ ಮತ್ತೆ ಅಲ್ಲಿಯೇ ಇಟ್ಟ. "ಒಂದ್ ಮಾತ ಕೇಳ್ಲ್ಯಾ ಬಾಯಿ? ಈ ಮನಿಗೆ ನಾ ಒಳಗಿನಾಂವೋ, ಹೊರಗಿನಾಂವೋ?"

ಇದೆಂಥ ಪ್ರಶ್ನೆ ಎಂದು ಸಿಂಧೂರಳಿಗೆ ನಗು ಬಂತು. "ಸದ್ಯಕ್ಕಂತೂ ಹೊರಗಿನವರೇ ಅಲ್ವಾ?"

"ಸದ್ಯಕ್ಕ," ಎಂದ ಅವಧೂತ. ಆ ಪದವನ್ನು ಬೆಲ್ಲದ ಚೂರಿನಂತೆ ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡ. "ಖರೆ ಹೇಳಿದ್ರಿ. ನಿಮ್ಮ ಆಫೀಸು ಮಾರ್ಕೆಟ್ ಯಾರ್ಡ್ ಕಡೆ ಅಲ್ಲೇನ್ರಿ? ನನಗೂ ಆ ಕಡೆ ಒಂದ್ ಕೆಲಸ ಐತಿ." ಏಣಿಯನ್ನು ಗೋಡೆಗೆ ಒರಗಿಸಿ, ಅದು ಜಾರದ ಹಾಗೆ ಬುಡಕ್ಕೆ ಒಂದು ಇಟ್ಟಿಗೆ ಕೊಟ್ಟು, ಅವನು ಗಾಡಿ ಹತ್ತಿ ಹೋಗಿಬಿಟ್ಟ.

ಓಡಿಹೋದನೇ? ತಪ್ಪು ಮಾಡಿದವನು ಏಣಿಗೆ ಇಟ್ಟಿಗೆ ಕೊಟ್ಟು ಹೋಗುತ್ತಾನೆಯೇ?

* * *

ಹಾರಿಹೋದ ತಗಡುಗಳಲ್ಲಿ ಪಶ್ಚಿಮದಂಚಿನ ಎರಡು ಪಕ್ಕದ ಮನೆಯ ಅಂಗಳದಲ್ಲಿ, ಬೇವಿನ ಮರಕ್ಕೆ ಒರಗಿ ನಿಂತಿದ್ದವು. ಸಿಂಧೂರ ಅವುಗಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. ತೂತುಗಳು ಗುಂಡಗೆ, ಪೂರ್ತಿಯಾಗಿದ್ದವು. ಒಂದೂ ಹರಿದಿರಲಿಲ್ಲ. ಅದು ಅವಳಿಗೆ ಮೊದಲೇ ಗೊತ್ತಿದ್ದ ಸಂಗತಿ.

ಗೊತ್ತಿಲ್ಲದ್ದು ಇನ್ನೊಂದಿತ್ತು.

ಒಂದೊಂದು ತಗಡಿನ ಮೇಲೂ ಒಂದೊಂದು ಚಂದ್ರ.

ವರ್ಷಗಟ್ಟಲೆ ಬಿಸಿಲು ಮಳೆ ಕುಡಿದು ಕಂದಾಗಿದ್ದ ತಗಡಿನ ಮೂಲೆಯಲ್ಲಿ, ಊಟದ ತಟ್ಟೆಗಿಂತ ದೊಡ್ಡದಾದ ಒಂದು ಗುಂಡನೆಯ ಜಾಗ ಬೆಳ್ಳಗೆ, ತಣ್ಣಗೆ ಉಳಿದಿತ್ತು. ಚಾಮರಾಜನಗರದ ಅವಳ ಅಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ, ಯಾರ ಮನೆಯಲ್ಲಿ ಕಂದಮ್ಮಗಳು ಮಲಗಿವೆ ಎಂದು ನೋಡಲು ಚಂದ್ರ ಮಾಡಿನ ಮೇಲೆ ಇಳಿದು ಕೂರುತ್ತಿದ್ದ. ಅವನು ಎದ್ದುಹೋದ ಜಾಗ ಬೆಳಗಿನವರೆಗೂ ತಣ್ಣಗಿರುತ್ತಿತ್ತಂತೆ. ಸಿಂಧೂರ ಆ ಬಿಳುಪಿನ ಮೇಲೆ ಕೈಯಿಟ್ಟಳು. ಇಪ್ಪತ್ತಾರು ವರ್ಷದ ಸರ್ವೇಯರು ಹೀಗೆ ಮಾಡುವುದನ್ನು ಯಾರೂ ನೋಡುತ್ತಿಲ್ಲ ಎಂದು ಖಾತ್ರಿಪಡಿಸಿಕೊಂಡೇ ಇಟ್ಟಳು.

ಪುಣೆಯಲ್ಲಿ ತಗಡಿನ ಮನೆಯವರು ಗಾಳಿಗೆ ಹೆದರಿ ಮಾಡಿನ ಮೇಲೆ ಕಲ್ಲು, ಇಟ್ಟಿಗೆ, ಹಳೆಯ ಟೈರು ಹೇರಿಡುವುದನ್ನು ಅವಳು ದಿನವೂ ನೋಡುತ್ತಾಳೆ. ಇಲ್ಲಿಯೂ ಏನೋ ಹೇರಿಟ್ಟಿದ್ದರು. ಗುಂಡನೆಯದು, ಭಾರದ್ದು. ಎರಡು. ಗಾಳಿಯ ದಿಕ್ಕಿಗೇ ಕಾವಲು ಕೂರಿಸಿದ್ದರು. ಆದರೆ ಬಿದ್ದಿದ್ದರೆ ಅಂಗಳದಲ್ಲಿ ಸಿಗಬೇಕಿತ್ತಲ್ಲ? ಸಿಕ್ಕಿರಲಿಲ್ಲ. ಗಾಳಿಗಿಂತ ಮುಂಚೆಯೇ ಯಾರೋ ಇಳಿಸಿದ್ದಾರೆ.

ಒಂದು ಚಂದ್ರನ ನಟ್ಟನಡುವೆ ಮಾತ್ರ ನಾಣ್ಯದಗಲ ತುಕ್ಕಿನ ಚುಕ್ಕೆಯಿತ್ತು. ಅಷ್ಟೇ ಜಾಗಕ್ಕೆ ಮಳೆನೀರು ಇಳಿದಿದೆ. ಹಾಗಾದರೆ ಆ ಕಲ್ಲಿಗೆ ನಡುವೆ ತೂತಿದೆ.

ನಡುವೆ ತೂತಿರುವ ಗುಂಡುಕಲ್ಲು. ಅದರ ಜೋಡಿ ಇನ್ನೊಂದು.

ಸಿಂಧೂರ ಎದ್ದು ನಿಂತಳು. ಅಜ್ಜಿಯ ಅಡುಗೆಮನೆಯ ಮೂಲೆ ಕಣ್ಣಿಗೆ ಬಂತು. ಬೀಸುವ ಕಲ್ಲು!

* * *

"ಏನ್ರಿ ಮೇಡಂ, ಸಿಕ್ಕಿತೇನ್ರಿ ಗಾಳಿ? ಹಿಡಕೊಂಡ ಬರ್ರಿ ಇಲ್ಲೆ, ರೊಟ್ಟಿ ಬಡದ್ಹಂಗ ನಾಕ ಬಡೀತೀನಿ ಅದಕ್ಕ!"

ಅನುಸೂಯಾ ಕೆಳಗಿನ ಪಡಸಾಲೆಯಲ್ಲಿ ಒಲೆ ಹೂಡಿದ್ದಳು. ಮಾಳಿಗೆಯಲ್ಲಿ ಸಾಲಾಗಿ ಉರಿಯುತ್ತಿದ್ದ ಒಲೆಗಳಲ್ಲಿ ಇಲ್ಲಿ ಹಿಡಿಸಿದ್ದು ಒಂದೇ. ಹೊಗೆಗೆ ಕಣ್ಣು ಕೆಂಪು, ಕೈತುಂಬ ಜೋಳದ ಹಿಟ್ಟು, ಆದರೂ ನಗು ಮಾತ್ರ ಗಾಳಿಗೆ ಸಿಕ್ಕಿರಲಿಲ್ಲ. ನಲವತ್ತರ ಹೆಂಗಸು. ಗಂಡ ಮಧುಕರ ತೀರಿಕೊಂಡು ಎಂಟು ವರ್ಷ.

"ಉಂಡೀರೋ ಇಲ್ಲೋ? ಮಾರಿ ನೋಡಿದ್ರ ಗೊತ್ತಾಗ್ತದ. ನಿಮ್ಮ ಕಡೆ ಮುದ್ದಿ ನುಂಗಿ ನುಂಗಿ ಅಗಿಯೂದ ಮರ್ತೀರಿ ನೀವು. ಕುಂದರ್ರಿ, ಒಂದ್ ರೊಟ್ಟಿ, ಎಣಗಾಯಿ."

"ಆಮೇಲೆ ತಿಂತೀನಿ ಅನುಸೂಯಾ ಅವ್ರೇ. ನಿಮ್ಮ ಅತ್ತೆ ಎಲ್ಲಿ?"

ಅನುಸೂಯಾಳ ಕೈ ಹಿಟ್ಟಿನ ಮೇಲೆ ಅರೆಕ್ಷಣ ನಿಂತಿತು. "ಒಳಗದಾರ. ಮೊಣಕಾಲ ನೂಸಾಕತ್ತದ ಅವರಿಗೆ. ಸುಮ್ನ ಯಾಕ..." ಎನ್ನುವಷ್ಟರಲ್ಲಿ ಸಿಂಧೂರ ಒಳಕೋಣೆಯ ಪರದೆ ಸರಿಸಿಯಾಗಿತ್ತು.

ಗಂಗೂಬಾಯಿ ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ ಕೂತಿದ್ದರು. ಬೆನ್ನ ಹಿಂದಿನ ಮೂಲೆಯಲ್ಲಿ ಹಸಿರು ಇಳಕಲ್ ಸೀರೆ ಹೊದಿಸಿದ ಏನೋ ಒಂದು ಗುಂಡಗೆ ಕೂತಿತ್ತು. ಮಗುವನ್ನು ದೃಷ್ಟಿಯಿಂದ ಮರೆಮಾಡುವ ಹಾಗೆ ಮುದುಕಿ ಅದರ ಮುಂದೆ ಸೆರಗು ಹರವಿದರು.

"ಬಾ ತಂಗಿ. ಬರದೇನು ಎಲ್ಲಾ? ಮುಗೀತೇನು?"

ಸಿಂಧೂರ ಅವರ ಪಕ್ಕ ನೆಲದ ಮೇಲೆ ಕೂತಳು. ಕೋಣೆಯಲ್ಲಿ ಹಸಿ ಅರಿಶಿನದ ವಾಸನೆಯಿತ್ತು. "ಅಜ್ಜಿ, ಬೀಸೋ ಕಲ್ಲು ಮೇಲಿಂದ ಇಳಿಸಿದ್ದು ಯಾಕೆ?"

ಗಂಗೂಬಾಯಿ ಅವಳನ್ನು ದಿಟ್ಟಿಸಿದರು. ಆಮೇಲೆ ಬೊಚ್ಚುಬಾಯಿ ತುಂಬ ನಕ್ಕುಬಿಟ್ಟರು. "ಅಯ್ಯ, ಭಾಳ ಶಾಣ್ಯಾಕಿ ಅದೀ. ಕಂಪನಿಯಾವ್ರು ಕಲ್ಲಿಂದೂ ಲೆಕ್ಕಾ ಕೇಳ್ತಾರೇನ?"

"ಕಂಪನಿ ಕೇಳಲ್ಲ. ನಾನು ಕೇಳ್ತಿದೀನಿ."

ಮುದುಕಿ ಬಾಗಿಲ ಕಡೆ ನೋಡಿದರು. ಪಡಸಾಲೆಯಿಂದ ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಗಿತ್ತು, ಆದರೆ ಕಿವಿ ಇತ್ತ ಕೊಟ್ಟವರ ಸಪ್ಪಳದ ಹಾಗೆ, ತಾಳ ತಪ್ಪಿ. ಗಂಗೂಬಾಯಿ ಕೈಚಾಚಿ ಹಸಿರು ಸೀರೆಯನ್ನು ಸರಿಸಿದರು.

ಬೀಸುವ ಕಲ್ಲು ಮದುಮಗಳ ಹಾಗೆ ಕೂತಿತ್ತು. ಮೈಗೆ ಸುಣ್ಣದ ಪಟ್ಟೆ, ಕೆಮ್ಮಣ್ಣಿನ ಬೊಟ್ಟು, ಗೂಟಕ್ಕೆ ಹಸಿರು ಬಳೆ, ವೀಳ್ಯದೆಲೆ. ಕಲ್ಲಿನ ಬಾಯಿಯ ಸುತ್ತ ಅರಿಶಿನದ ಪುಡಿ ಇನ್ನೂ ಅಂಟಿಕೊಂಡಿತ್ತು.

"ಬರೂ ಶುಕ್ಕರವಾರ ನನ್ನ ಸೊಸಿ ಲಗ್ನ ಅದ," ಎಂದರು ಗಂಗೂಬಾಯಿ.

"ಸೊಸೆ ಅಂದ್ರೆ... ಅನುಸೂಯಾ ಅವ್ರದ್ದಾ? ಯಾರ ಜೊತೆ?"

"ಮತ್ತ್ಯಾರ ಜೋಡಿ? ಕಿವ್ಯಾಗ ಪೆನ್ಸಿಲ್ ಇಟಗೊಂಡ ತಿರಗ್ತಾನಲ್ಲಾ, ಆ ಖೋಡಿ ಜೋಡಿ. ಎರಡ ವರ್ಷ ಆತು, ದಿನಾ ಬರಾಂವ, ಒಂದ ರೊಟ್ಟಿ ತಗೊಳ್ಳಾಂವ, ತಗಡ ಸೋರ್ತದೇನ್ರಿ ಅಂತ ಕೇಳಾಂವ. ಬ್ಯಾಸಗ್ಯಾಗೂ ಕೇಳಾಂವ! ಆಕಿ ಹೂಂ ಅನ್ನಂಗಿಲ್ಲ, ಅಂವ ಬಾಯಿ ಬಿಡಂಗಿಲ್ಲ. ಕಡೀಕ ನಾನ ಕೇಳ್ದೆ. ಏನಪಾ, ತಗಡ ಬೇಕೋ ಸೊಸಿ ಬೇಕೋ ಅಂತ."

ಸಿಂಧೂರಳಿಗೆ ನಗು ಬಂತು, ಕಣ್ಣೂ ತುಂಬಿತು. 'ಸದ್ಯಕ್ಕ' ಎಂಬ ಮಾತಿನ ಬೆಲ್ಲ ಯಾವುದೆಂದು ಈಗ ತಿಳಿಯಿತು. ಶುಕ್ರವಾರದವರೆಗೆ ಮಾತ್ರ ಅವನು ಈ ಮನೆಗೆ ಹೊರಗಿನವನು.

"ನಮ್ಮ ಮಂದ್ಯಾಗ ಗಂಡ ಸತ್ತಾಕಿಗೆ ಉಡಕಿ ಮಾಡ್ತಾರ ತಂಗಿ," ಎಂದು ಗಂಗೂಬಾಯಿ ಕಲ್ಲಿನ ಮೈ ಸವರುತ್ತ ಹೇಳಿದರು. "ಕತ್ತಲದಾಗ ಒಂದ ಸೀರಿ ಉಡಸ್ತಾರ, ಕಳಸ್ತಾರ. ಅರಿಷಿಣ ಇಲ್ಲ, ಬೀಸೂ ಕಲ್ಲಿನ ಪೂಜಿ ಇಲ್ಲ, ಹಾಡಿಲ್ಲ. ಕಳ್ಳತನಾ ಮಾಡಿದ್ಹಂಗ. ನಾ ಅಂದೆ, ನನ್ನ ಸೊಸೀಗೆ ಉಡಕಿ ಅಲ್ಲ, ಲಗ್ನಾನ ಮಾಡ್ತೀನಿ. ಆಕಿ ಮೊದಲ ಈ ಮನಿಗೆ ಬಂದಾಗ ಇದ ಕಲ್ಲಿನ್ಯಾಗ ಅರಿಷಿಣಾ ಬೀಸೀನಿ. ಹೊಂಟಾಗೂ ಇದ ಕಲ್ಲಿನ್ಯಾಗ ಬೀಸಬೇಕು. ಬ್ಯಾರೆ ಕಲ್ಲು ನಡ್ಯಾಂಗಿಲ್ಲ."

"ಅದು ತಗಡಿನ ಮೇಲಿತ್ತು."

"ಮಿಕ್ಸರ್ ಬಂದಮ್ಯಾಲೆ ಮಧುಕರ ಒಯ್ದು ಮ್ಯಾಲ ಇಟ್ಟಿದ್ದಾ. ಈ ಮೂಲ್ಯಾಗ ಒಂದು, ಆ ಮೂಲ್ಯಾಗ ಒಂದು. ಅವ್ವಾ, ನಿನ್ನ ಕಲ್ಲು ಈಗ ಮನಿ ಕಾಯ್ತದ ನೋಡು ಅಂದಿದ್ದಾ." ಮುದುಕಿಯ ದನಿ ಸ್ವಲ್ಪ ತಗ್ಗಿತು. "ಅರಿಷಿಣಾ ಮುತ್ತೈದೇರು ಬೀಸಬೇಕಂತಾರ. ಓಣ್ಯಾಗಿನಾವ್ರು ಯಾರ ಬರ್ತಾರ ಇದಕ್ಕ? ಬಾಗಲಾ ಹಾಕ್ಕೊಂಡು ನಾನ ಕೂತೆ. ಕಲ್ಲು ಜಗ್ಗವಲ್ದು. ಆಕಿ ಬಂದು ಎದುರಿಗೆ ಕೂತು ಗೂಟಕ್ಕ ಕೈ ಹಚ್ಚಿದ್ಲು. ಇಬ್ರೂ ಬರಿಗೈಯಾವ್ರು. ತಿರಗ್ತು ನೋಡು ಕಲ್ಲು!"

ಪಡಸಾಲೆಯ ಸಪ್ಪಳ ಈಗ ಪೂರ್ತಿ ನಿಂತಿತ್ತು.

ಸಿಂಧೂರ ಮುದುಕಿಯ ಅರಿಶಿನ ಹತ್ತಿದ ಬೆರಳುಗಳನ್ನು ಹಿಡಿದುಕೊಂಡಳು. ಮಾಡಿನ ಭಾರವನ್ನು ಪೂಜೆಗೆಂದು ಇಳಿಸಿದ್ದು ಮೋಸವಲ್ಲ. ಹಾಗೆಂದು ಎಲ್ಲಿ ಬೇಕಾದರೂ ವಾದಿಸಬಲ್ಲಳು. ಆದರೆ ಚೀಲದಲ್ಲಿ ಆ ಬೋಲ್ಟು ತಣ್ಣಗೆ ಕೂತಿತ್ತು. ಕಲ್ಲು ಇಳಿದರೆ ನಟ್ಟು ಬಿಚ್ಚಿಕೊಳ್ಳುವುದಿಲ್ಲ.

"ಅಜ್ಜಿ, ಇಷ್ಟು ಭಾರದ ಕಲ್ಲನ್ನ ಇಳಿಸಿಕೊಟ್ಟಿದ್ದು ಅವಧೂತ ಅವರಾ?"

"ಮದುಮಗಾ ಅಂವ, ಅಂವ ಮುಟ್ಟಬಾರದು. ಇಳಿಸಿದಾಂವ ನನ್ನ ಸಣ್ಣ ಮಗಾ, ಋಷಿಕೇಶ." ಗಂಗೂಬಾಯಿಯ ಮುಖ ಹಣತೆ ಹಚ್ಚಿದ ಹಾಗೆ ಬೆಳಗಿತು. "ಮೊದಲ ಅಂವಗ ಸಿಟ್ಟ ಇತ್ತವಾ. ಅಣ್ಣನ ಮ್ಯಾಲ ಜೀಂವ ಅಂವಂದು. ವೈನಿ ಮತ್ತೊಬ್ಬನ್ನ ಮಾಡ್ಕೊಳ್ಳೂದು ಅಂದ್ರ ಊಟಾ ಬಿಟ್ಟಿದ್ದಾ. ಆದ್ರ ಕಲ್ಲು ಇಳಸಪಾ ಅಂದಕೂಡ್ಲೆ ಸುಮ್ನ ಮ್ಯಾಲ ಹತ್ತಿದ. ನನ್ನ ಬಂಗಾರ ಅದು. ಅಷ್ಟ ಅಲ್ಲ, ಕಲ್ಲು ಹೋದಮ್ಯಾಲೆ ತಗಡು ಹಾರಬಾರದಂತ ಪಾನಾ ತಗೊಂಡು ಒಂದ ತಾಸು ಮ್ಯಾಲ ಕೂತು ನಟ್ಟೆಲ್ಲಾ ಬಿಗಿ ಮಾಡಿ ಬಂದಾ. ಬಿಸಲಾಗ, ನೀರ ಸುದ್ದಾ ಕುಡೀಲಿಲ್ಲ."

ಸಿಂಧೂರ ಮುದುಕಿಯ ಬೆರಳುಗಳನ್ನು ಮೆಲ್ಲಗೆ ಬಿಟ್ಟಳು.

"ನೀ ಮ್ಯಾಲ ಹತ್ತಿ ನೋಡೀದಿಯಲ್ಲಾ," ಎಂದರು ಗಂಗೂಬಾಯಿ, ಶಾಲೆಯಲ್ಲಿ ಮಗನ ಅಂಕ ಕೇಳುವ ತಾಯಿಯ ಹಾಗೆ. "ಛಲೋ ಬಿಗಿ ಮಾಡಿದ್ನಿಲ್ಲೋ?"

* * *

ಅವಳು ಏನು ಹೇಳುತ್ತಿದ್ದಳೋ. ಅಷ್ಟರಲ್ಲಿ ಹೊರಗೆ ಕ್ಯಾಬ್ ಕಾರಿನ ಬಾಗಿಲು ಧಡ್ ಎಂದಿತು. ಋಷಿಕೇಶ ಬೀಗದ ಕೈ ತಿರುಗಿಸುತ್ತ ಒಳಗೆ ಬಂದ. ಮೂವತ್ತೈದರ ಗಂಡಸು. ಹಿಂಜವಡಿಯ ಆಫೀಸುಗಳಿಗೆ ಗಾಡಿ ಓಡಿಸಿ ಕಣ್ಣಡಿಗೆ ಕಪ್ಪು ಕಟ್ಟಿತ್ತು. ತೆರೆದಿದ್ದ ಕಲ್ಲನ್ನು ನೋಡಿದ, ಸಿಂಧೂರಳನ್ನು ನೋಡಿದ. ಬೀಗದ ಕೈ ತಿರುಗುವುದು ನಿಂತಿತು.

"ಬಂದ ನೋಡು! ನೂರ ವರ್ಷ ಆಯುಷ್ಯ ನಿನಗ. ನಿನ್ನ ಸುದ್ದೀನ ನಡದಿತ್ತು. ಕುಂದರು, ಚಹಾ ಇಡ್ತೀನಿ." ಗಂಗೂಬಾಯಿ ಗೋಡೆ ಹಿಡಿದು ಎದ್ದು, ಮೊಣಕಾಲನ್ನು ಬೈಯುತ್ತ ಹಿಂದಿನ ಅಡುಗೆಮನೆಗೆ ಹೋದರು.

ನಡುವೆ ಇದ್ದದ್ದು ಒಂದು ತೆಳು ಪರದೆ ಮಾತ್ರ. ಆಚೆ ಶುಂಠಿ ಜಜ್ಜುವ ಸದ್ದು. ಸಿಂಧೂರ ದನಿ ತಗ್ಗಿಸಿದಳು.

"ಎಷ್ಟು ನಟ್ ಬಿಗಿ ಮಾಡಿದ್ರಿ?"

"ಎಲ್ಲಾ."

"ಹಾಗಾದ್ರೆ ಅವು ಬೋಲ್ಟ್ ಮೇಲೆ ಇರಬೇಕಲ್ವಾ?"

"ಗಾಳಿಗೆ ಹಾರಿರಬೇಕ್ರಿ. ಅಂಥಾ ಗಾಳಿ ಇತ್ತಲ್ರಿ."

ಅವಳು ಬೋಲ್ಟನ್ನು ತೆಗೆದು ಇಬ್ಬರ ನಡುವೆ, ನೆಲದ ಮೇಲೆ ಇಟ್ಟಳು. "ಉಳಿದ ಮೂರು ಕಡೆ ನಟ್ ಹಾಗೇ ಇದಾವೆ. ಅಲ್ಲೆಲ್ಲ ತಗಡು ಹರ್ಕೊಂಡು ಹೋಗಿದೆ. ಕಲ್ಲು ಇದ್ದ ಕಡೆ ಮಾತ್ರ ನಟ್ ಒಂದೂ ಇಲ್ಲ, ತೂತು ಒಂದೂ ಹರಿದಿಲ್ಲ. ಗಾಳಿ ಅಷ್ಟೊಂದು ನೋಡಿಕೊಂಡು ಬೀಸುತ್ತಾ ಋಷಿಕೇಶ್?"

ಋಷಿಕೇಶನ ಕಣ್ಣು ಬೋಲ್ಟಿನ ಮೇಲಿರಲಿಲ್ಲ, ಪರದೆಯ ಮೇಲಿತ್ತು. ಆಚೆ ಗಂಗೂಬಾಯಿ ಏನೋ ಗುನುಗುತ್ತಿದ್ದರು. ಬೀಸುವಾಗ ಹಾಡುವ ಧಾಟಿ. ಪದ ಮರೆತಲ್ಲಿ 'ಊಂ ಊಂ' ಎಂದು ಕಲ್ಲಿನ ಹಾಗೆಯೇ ತಿರುಗುತ್ತಿತ್ತು.

"ಅವ್ವನ ಮುಂದ ಬ್ಯಾಡ್ರಿ," ಎಂದ ಅವನು ಕೊನೆಗೆ. "ನಿಮ್ಮ ಕಾಲ ಬೀಳ್ತೀನಿ."

"ಯಾಕೆ ಮಾಡಿದ್ರಿ?"

"ಹಾರಲಿ ಅಂತ ಅಲ್ರಿ! ದೇವರಾಣಿ ಅಲ್ಲ. ಒಂದ ಮಳಿ ಬಂದ್ರ ಸೋರ್ತದ, ಮಾಳಿಗಿ ತುಂಬ ನೀರಾಗ್ತದ, ಲಗ್ನ ಮುಂದ ಹೋಗ್ತದ ಅಂತ ಅಷ್ಟ." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ನಮ್ಮಣ್ಣ ಕೂತು ಉಣ್ತಿದ್ದ ಜಾಗಾರೀ ಅದು. ಅಲ್ಲೇ ಹಂದರಾ ಹಾಕ್ತಾರಂತ. ಅಲ್ಲೇ ಅಂವನ್ನ ಕುಂದ್ರಸ್ತಾರಂತ. ಎಲ್ಲಾರೂ ನಕ್ಕೋಂತ ಓಡ್ಯಾಡ್ತಾರ. ನಮ್ಮಣ್ಣನ್ನ ನೆನಸೂದಕ್ಕ ಈ ಮನ್ಯಾಗ ಒಬ್ಬರೂ ಬ್ಯಾಡೇನ್ರಿ?"

ಸಿಂಧೂರಳ ಅಜ್ಜಿಯ ಕಥೆಗಳಲ್ಲಿ ರಾಕ್ಷಸ ಸಿಕ್ಕಿಬಿದ್ದ ಮೇಲೆ ಅಳುತ್ತಿರಲಿಲ್ಲ.

"ಕಂಪನಿಗೆ ಫೋನ್ ಮಾಡಿದ್ದೂ ನೀವೇ."

ಅವನು ತಲೆ ತಗ್ಗಿಸಿದ. "ತಗಡು ಹಾರಿದಮ್ಯಾಲೆ ಅಂಜಿಕಿ ಬಂತು. ತಗಡು ಹಾಕಿದಾಂವ ಅವಧೂತ. ನಟ್ಟಿನ ಮಾತು ಬಂದ್ರ ಎಲ್ಲಾರೂ ಮೊದಲ ಅಂವನ ಮಾರಿ ನೋಡ್ತಾರಂತ... ಅಷ್ಟ ತಲ್ಯಾಗ ಬಂತು. ಕ್ಲೇಮು ನಿಂದರ್ತದಂತ ಗೊತ್ತಿದ್ದಿಲ್ರಿ. ವೈನಿ ಒಂದ ಒಲಿ ಮುಂದ ಕೂತು ಹೊಗಿ ಕುಡಿಯೂದು ನೋಡ್ಲಿಕ್ಕೆ ಆಗವಲ್ದು ನನಗ."

"ಈಗ ನಾನು ನಿಜ ಬರೆದ್ರೆ, ಬಿಚ್ಚಿದ್ದು ಮನೆಯವರೇ ಅಂತ ಆಗುತ್ತೆ. ನಿಮ್ಮ ಅತ್ತಿಗೆಗೆ ತಗಡು ಸಿಗಲ್ಲ. ನಿಮ್ಮಮ್ಮಂಗೆ..." ಅವಳು ಪರದೆಯ ಕಡೆ ನೋಡಿದಳು. 'ನನ್ನ ಬಂಗಾರ' ಎಂದ ಮುಖ ಕಣ್ಣ ಮುಂದೆ ಇನ್ನೂ ಉರಿಯುತ್ತಿತ್ತು. ಆ ದೀಪವನ್ನು ಊದಿ ಆರಿಸುವ ಬಾಯಿ ತನ್ನದೇ ಆಗಬೇಕೆ? ಸುಳ್ಳು ಬರೆದರೆ ತಗಡು ಉಳಿಯುತ್ತದೆ, ಆದರೆ ಸುಳ್ಳು ಬರೆದ ಕೈಯಿಂದ ನಾಳೆ ಇನ್ನೊಬ್ಬರ ಮನೆಯ ಏಣಿ ಹತ್ತುವುದು ಹೇಗೆ?

ಚೀಲದಲ್ಲಿ ಫೋನು ನಡುಗಿತು. ಆಫೀಸಿನಿಂದ, ಮ್ಯಾನೇಜರ್ ಮಿಥುನ.

"ಸಿಂಧೂರ, ಇನ್ನು ಏಣಿ ಹತ್ತೋದು ಸಾಕು, ಇಳಿದು ಬಾ," ಎಂದ ಮಿಥುನ. ತುಮಕೂರಿನ ಅವನ ದನಿ ಯಾವಾಗಲೂ ಫೋನಿನಿಂದ ಹೊರಗೆ ಚೆಲ್ಲುವಷ್ಟು ದೊಡ್ಡದು. "ಕೊಂಢವಾ ಕೇಸ್ ತಾನೇ ನಡ್ಕೊಂಡು ಆಫೀಸಿಗೆ ಬಂದಿದೆ. ಅವಧೂತ ಅಂತೆ. ನಟ್ ಬಿಚ್ಚಿದ್ದು ನಾನೇ ಅಂತ ನನ್ನ ಟೇಬಲ್ ಮುಂದೆ ಕೂತಿದಾರೆ."

ಸಿಂಧೂರ ನೆಲದ ಮೇಲಿನ ಬೋಲ್ಟನ್ನು ನೋಡಿದಳು.

"ವಿಚಿತ್ರ ಆಸಾಮಿ ಕಣೇ. ಯಾಕ್ರೀ ಮಾಡಿದ್ರಿ ಅಂದ್ರೆ ಹೇಳಲ್ಲ. ನಾನು ಆ ಮನೆಯವನಲ್ಲ, ಹೊರಗಿನವನು, ಅದನ್ನ ಮೊದಲು ಬರ್ಕೊಳ್ಳಿ ಅಂತ ಪಟ್ಟು ಹಿಡಿದಿದಾರೆ. ಬರ್ಕೊಂಡ ಮೇಲೆ ಅಕ್ಷರದ ಮೇಲೆ ಬೆರಳಿಟ್ಟು ನೋಡಿದ್ರು. ಹೊರಗಿನವರು ಅಂದ್ಮೇಲೆ ಕ್ಲೇಮ್ ಏನೋ ಪಾಸಾಗುತ್ತೆ. ಆದ್ರೆ ಪೊಲೀಸ್ ಕಂಪ್ಲೇಂಟ್ ಆಗ್ಲೇಬೇಕು. ಪೊಲೀಸ್ನೋರು ಸ್ಟೇಷನ್ನಿಂದ ಹೊರಟಿದಾರೆ, ಇನ್ನೇನು ಬಂದ್ರು. ನಿನ್ ಕಡೆಯಿಂದ ಏನಾದ್ರೂ ಇದ್ಯಾ, ಇಲ್ಲ ಸಹಿ ಹಾಕಿಸ್ಕೊಳ್ಳಲಾ?"

ಪ್ರತಿ ಮಾತೂ ಋಷಿಕೇಶನ ಕಿವಿಗೆ ಬಿದ್ದಿತ್ತು. ಯಾರ ತಲೆಗೆ ಕಟ್ಟಬೇಕೆಂದು ಅವನು ಗಂಟು ಹೊಸೆದಿದ್ದನೋ, ಆ ಮನುಷ್ಯ ಅದನ್ನು ತಾನಾಗಿಯೇ ಎತ್ತಿ ತಲೆಯ ಮೇಲಿಟ್ಟುಕೊಂಡು ನಡೆದುಬಿಟ್ಟಿದ್ದ.

ಪಡಸಾಲೆಯ ಬಾಗಿಲಲ್ಲಿ ಅನುಸೂಯಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಹಿಟ್ಟಿನ ಕೈ ಬಾಗಿಲಚೌಕಟ್ಟಿನ ಮೇಲೆ ಬೆಳ್ಳಗೆ ಅಂಟಿಕೊಂಡಿತ್ತು. ಅವಳು ಮೈದುನನನ್ನು ನೋಡುತ್ತಿದ್ದಳು. ಬೈಯಲಿಲ್ಲ, ಅಳಲಿಲ್ಲ.

ಪರದೆ ಸರಿಯಿತು. ಗಂಗೂಬಾಯಿ ತಾಟಿನಲ್ಲಿ ಕಪ್ಪುಗಳನ್ನು ಹೊಂದಿಸಿಕೊಂಡು, ಕುಂಟುತ್ತ ಬಂದರು. ಒಂದು ಕಪ್ಪು ಹೆಚ್ಚಿಗೆ ಇತ್ತು.

"ಋಷಿ, ಆ ಅವಧೂತಗ ಒಂದ ಫೋನ್ ಹಚ್ಚೋ. ಎಲ್ಲಿದ್ರೂ ಬಾ ಅನ್ನು. ಶುಂಠಿ ಚಹಾ ಅಂದ್ರ ಜೀಂವ ಬಿಡ್ತಾನ, ಆದ್ರ ಆರಿದ್ರ ಮುಟ್ಟಂಗಿಲ್ಲ."

"ಹಲೋ? ಸಿಂಧೂರ? ಇದೀಯಾ?" ಎಂದಿತು ಫೋನು. "ಪೊಲೀಸ್ನೋರು ಬಂದ್ರು ಕಣೇ. ಬೇಗ ಹೇಳು."

ಋಷಿಕೇಶ ಕೈ ಮುಂದೆ ಚಾಚಿದ. ಆ ಕೈ ಬಂದದ್ದು ಬಚ್ಚಿಡಲೆಂದು ನೆಲದ ಮೇಲಿದ್ದ ಬೋಲ್ಟಿಗೋ, ನಿಜ ಹೇಳಲೆಂದು ತನ್ನ ಕೈಯಲ್ಲಿದ್ದ ಫೋನಿಗೋ, ಸಿಂಧೂರಳಿಗೆ ತಿಳಿಯಲಿಲ್ಲ.